ಬೆನ್ನಿಗೆ ಬೆನ್ನು ಕೊಟ್ಟ ದಿನ

ಮನೆಯಿಂದ, ಹದಿನಾಲ್ಕನೇ ತಾರೀಕು, ಗುರುವಾರ ಬೆಳಿಗ್ಗೆ

ನನ್ನ ಪ್ರೀತಿಯ ಮಗನೇ,

ಹೇಗಿದ್ದೀಯಾ? ಹಲ್ಲುನೋವು ಇಳಿಯಿತೇ? ಹೋದ ಸಲ ನೋಡಲು ಬಂದಾಗ ಗಾಜಿನ ಆ ಬದಿಯಲ್ಲಿ ನೀನು ಕೆನ್ನೆ ಹಿಡಿದುಕೊಂಡೇ ಮಾತಾಡಿದೆ. ಅಲ್ಲಿನ ಡಾಕ್ಟರಿಗೆ ತೋರಿಸಲು ಸಂಕೋಚ ಬೇಡ. ಜೈಲಿನಲ್ಲಿದ್ದರೇನು, ಹಲ್ಲು ಹಲ್ಲೇ. ರಾತ್ರಿ ಹೊದೆಯಲು ಸಾಕಾಗುತ್ತದೋ ಇಲ್ಲವೋ ಬರಿ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಮುದುಕ ಮುನಿಸಿಕೊಂಡನೇನೋ ಎಂದು ನೀನು ಅಂದುಕೊಂಡಿರುತ್ತೀಯ. ಮುನಿಸಲ್ಲ ಮಗನೇ, ಏನು ಬರೆಯಬೇಕೆಂದು ತೋಚಲಿಲ್ಲ. ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಬಡಗಿಯ ಅಕ್ಷರ, ಕೋಳಿ ಕೆದರಿದ ಹಾಗಿದೆ, ಸೈರಿಸಿಕೊಳ್ಳಲಿ.

ಮನೆಯಲ್ಲಿ ಎಲ್ಲರೂ ಇದ್ದೇವೆ. ನಿನ್ನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲೇ ಇದ್ದಾಳೆ, ಈಗ ಬೆಳಗಿನ ಪಾಳಿ. ಸೋಪಿನ ಪುಡಿಗೆ ಬೆರಳ ಸಂದಿ ಬಿರಿದಿದೆ. ಎಣ್ಣೆ ಹಚ್ಚಿಕೋ ಅಂದರೆ, "ಹಚ್ಕೊಂಡ್ರೆ ಬಟ್ಟೆ ಜಾರುತ್ತೆ ಮಾವ" ಅನ್ನುತ್ತಾಳೆ. ನಿನ್ನ ಕಾಗದವನ್ನು ಒಲೆಯ ಮುಂದೆ ನಿಂತೇ ಓದುತ್ತಾಳೆ. ಓದಿ ಮಡಚಿದ್ದಲ್ಲೇ ಮಡಚಿ ನನ್ನ ಕೈಗೆ ಕೊಡುತ್ತಾಳೆ. ನನ್ನ ಮಂಡಿಗಳ ವಿಷಯ ಬಿಡು. ಅವು ನಾನು ಮಾಡಿದ ಹಳೇ ಕುರ್ಚಿಗಳಂತೆ ಕೂತರೂ ಕಿರುಗುಟ್ಟುತ್ತವೆ, ಎದ್ದರೂ ಕಿರುಗುಟ್ಟುತ್ತವೆ.

ಈಗ ನಿನ್ನ ಮಗಳ ವಿಷಯ. ಹುಟ್ಟಿದ ವಾರಕ್ಕೇ ಅವಳ ಕೆಂಪು ಮುಖ ನೋಡಿ 'ಮೆಣಸು' ಅಂತ ಹೆಸರಿಟ್ಟವನು ನೀನು. ಆ ಹೆಸರು ಅವಳಿಗೆ ಎಷ್ಟು ಒಪ್ಪಿತೆಂದರೆ ಈ ವರ್ಷ ಶಾಲೆಯಿಂದ ನನಗೆ ಮೂರು ಸಲ ಕರೆ ಬಂತು. ಮೊದಲ ಸಲ ಒಬ್ಬ ಹುಡುಗನ ತಲೆಗೆ ಕಂಪಾಸ್ ಡಬ್ಬಿ ಬೀಸಿದ್ದಳು. ಎರಡನೇ ಸಲ ಇನ್ನೊಬ್ಬಳ ಮುಂಗೈ ಕಚ್ಚಿದ್ದಳು, ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ಮೂರನೇ ಸಲ ಒಬ್ಬನನ್ನು ಮೆಟ್ಟಿಲ ಮೇಲಿಂದ ತಳ್ಳಿದ್ದಳು. ಅವನ ಪುಣ್ಯ, ಎರಡೇ ಮೆಟ್ಟಿಲು. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಮಕ್ಕಳು ಅವಳನ್ನು 'ಜೈಲು' ಅಂತ ಕರೆಯುತ್ತಿದ್ದರು. ಹೆಡ್‌ಮಿಸ್ ನನ್ನನ್ನು ಎದುರು ಕೂರಿಸಿಕೊಂಡು, "ಮನೇಲಿ ಯಾರಾದ್ರೂ ಮಗು ಮೇಲೆ ಕೈ ಮಾಡ್ತೀರಾ?" ಅಂತ ಮೆತ್ತಗೆ ಕೇಳಿದರು. "ಈಗ ಇಲ್ಲಮ್ಮ" ಅಂದುಬಿಟ್ಟೆ. ಬಾಯಿಂದ ಜಾರಿದ ಆ 'ಈಗ' ಅವರ ಕಿವಿಗೂ ಬಿತ್ತು, ನನ್ನ ಕಿವಿಗೂ ಬಿತ್ತು.

ಆಮೇಲೆ ಅವರು ಮಾತು ಬದಲಿಸಿ, ನೀವು ಬಡಗಿಯಲ್ಲವೇ, ಹಿಂದಿನ ಗೋದಾಮಿನ ಬಾಗಿಲು ಕಿರುಚುತ್ತದೆ, ಸರಿ ಮಾಡಿಕೊಡಿ ಅಂದರು. ಮುರಿದ ಬೆಂಚು ತುಂಬಿದ್ದ ಆ ಕೋಣೆಯನ್ನು ತೆರವು ಮಾಡಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಮಕ್ಕಳಿಗೆ ಯೋಗ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು ಅಂತ ಗೊತ್ತು ಮಾಡಿದ್ದರು. ನನಗೆ ನಗು ಬಂತು. ಮೂಗಿನಲ್ಲಿ ಗಾಳಿ ಎಳೆದು ಬಿಡಲು ಟೀಚರ್ ಬೇರೆ ಬೇಕೇ ಅನ್ನಿಸಿತು. ಟೀಚರನ್ನು ನೋಡಿದ ಮೇಲಂತೂ ಇನ್ನೂ ನಗು. ಆಕೆಯ ಒಂದು ಕಾಲು ಗಿಡ್ಡ, ಕುಂಟುತ್ತ ನಡೆಯುತ್ತಾರೆ. ಮಕ್ಕಳು ಮೊದಲ ದಿನ ಕಿಸಕ್ಕನೆ ನಕ್ಕವು. ಆಕೆ ತಾವೂ ನಕ್ಕು, "ನಂಗೆ ಒಂಟಿ ಕಾಲಲ್ಲಿ ನಿಲ್ಲೋದು ನಿಮಗಿಂತ ಚೆನ್ನಾಗಿ ಬರುತ್ತೆ, ನೋಡ್ತೀರಾ?" ಅಂತ ಮರದ ಹಾಗೆ ನಿಂತೇಬಿಟ್ಟರು. ಜೊತೆಗೆ ನಿಂತ ಮಕ್ಕಳು ಒಬ್ಬರ ಮೇಲೊಬ್ಬರು ಉರುಳಿದರು. ಆಕೆ ಅಲ್ಲಾಡಲಿಲ್ಲ.

ನಾನು ಬಾಗಿಲಿನ ಹಳೇ ಕೀಲು ಬಿಚ್ಚುತ್ತ ಸ್ಟೂಲಿನ ಮೇಲಿದ್ದೆ. ಆಕೆ ಹೇಳಿದ ಮಾತು ನನಗೆ ಹೇಳಿದಂತೆಯೇ ಕೇಳಿಸಿತು. "ಕೋಪ ಮಾಡ್ಕೋಬೇಡಿ ಅಂತ ನಾನು ಹೇಳಲ್ಲ. ಕೋಪ ಬಂದಾಗ ಅದು ಮೊದಲು ಮೈಯಲ್ಲಿ ಎಲ್ಲಿಗೆ ಬರುತ್ತೆ ಅಂತ ನೋಡಿ, ಅಷ್ಟೇ." ಒಬ್ಬ ಹೊಟ್ಟೆ ಅಂದ, ಒಬ್ಬಳು ಕಿವಿ ಅಂದಳು. ನಿನ್ನ ಮಗಳು ಬಹಳ ಹೊತ್ತು ಯೋಚಿಸಿ, "ಮೊಣಕೈಗೆ ಮಿಸ್" ಅಂದಳು. ಯಾರೂ ನಗಲಿಲ್ಲ. ನನ್ನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. ನಿನಗೂ ಅಲ್ಲಿಗೇ ಬರುತ್ತಿತ್ತು, ನಾನು ಬಲ್ಲೆ. ಚಿಕ್ಕವನಿದ್ದಾಗ ನೀನು ಯಾರ ಮೇಲಾದರೂ ಏರಿ ಹೋಗುವ ಮುಂಚೆ ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತಿದ್ದೆ. ನೋಡಿ ಹೆಮ್ಮೆ ಪಟ್ಟಿದ್ದೆ, ನನ್ನ ಮಗ ಗಂಡುಗಲಿ ಅಂತ.

ಆಕೆ ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಮೊಣಕೈ ಬಿಸಿಯಾದದ್ದು ತಿಳಿದ ಕೂಡಲೇ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಐದು ಉಸಿರು ಎಣಿಸಬೇಕು. ಆಮೇಲೂ ಹೊಡೆಯಬೇಕು ಅನ್ನಿಸಿದರೆ ಬಂದು ನನಗೆ ಹೇಳು, ಬೈಯುವುದಿಲ್ಲ ಅಂದಿದ್ದರಂತೆ. ಮೂರನೇ ವಾರ, ಊಟದ ಬಿಡುವಿನಲ್ಲಿ, ಮೆಟ್ಟಿಲಿಂದ ತಳ್ಳಿಸಿಕೊಂಡಿದ್ದ ಹುಡುಗನೇ ಮತ್ತೆ 'ಜೈಲು' ಅಂದ. ನಾನು ಕಿಟಕಿಯ ಚೌಕಟ್ಟಿಗೆ ಮರಳು ಕಾಗದ ಉಜ್ಜುತ್ತಿದ್ದೆ. ಇವಳು ನಿಂತಳು. ಮೊಣಕೈ ಪಕ್ಕೆಗೆ ಹೋಯಿತು. ಅಲ್ಲಿಂದ ಆ ಪುಟ್ಟ ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಬಂತು. ತುಟಿ ಅಲ್ಲಾಡುತ್ತಿತ್ತು, ಒಂದು, ಎರಡು. ಐದಾಯಿತು. ಅವನನ್ನು ಬಳಸಿಕೊಂಡು ಹೋಗಿ ನಲ್ಲಿಯಲ್ಲಿ ನೀರು ಕುಡಿದಳು. ಅಷ್ಟೇ ಮಗನೇ, ನಡೆದದ್ದು ಅಷ್ಟೇ. ನಾನು ಮಾತ್ರ ಗೋಡೆಗೆ ಮುಖ ತಿರುಗಿಸಿ ಅತ್ತೆ. ಮರದ ಪುಡಿ ಕಣ್ಣಿಗೆ ಬಿತ್ತು ಅಂತ ಜವಾನನಿಗೆ ಸುಳ್ಳು ಹೇಳಿದೆ.

ಅವಳೊಬ್ಬಳೇ ಅಲ್ಲ. ಪರೀಕ್ಷೆ ಅಂದರೆ ವಾಂತಿ ಮಾಡುತ್ತಿದ್ದ ಒಬ್ಬ ಹುಡುಗ ಈ ಸಲ ತಿಂಡಿ ತಿಂದು ಬಂದು ಬರೆದ. ಪಾಠದ ಹೊತ್ತು ಹಾಳು ಅಂತ ಕೂಗಾಡಿದ್ದ ಲೆಕ್ಕದ ಮೇಷ್ಟ್ರು ಈಗ ತಾವೇ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಒಂದು ದಿನ ಗೊರಕೆಯನ್ನೂ ಹೊಡೆದರು, ಮಕ್ಕಳು ಎಬ್ಬಿಸಲಿಲ್ಲ. ಎಲ್ಲರಿಗೂ ಹಿಡಿಸಿದೆ ಅಂತಲ್ಲ. ಕಣ್ಣು ಮುಚ್ಚಿದ ಕೂಡಲೇ ಪಕ್ಕದವನಿಗೆ ಚಿವುಟುವ ಪುಂಡರು ಇದ್ದೇ ಇದ್ದಾರೆ. ಮನೆಯಲ್ಲಿ ಮೆಣಸು ನನಗೂ ಕಲಿಸಲು ಬಂದಳು. ಕಾಲು ಮಡಚಿ ಕೂತವನನ್ನು ಎಬ್ಬಿಸಲು ನಿನ್ನ ಹೆಂಡತಿ ಅಡುಗೆ ಬಿಟ್ಟು ಓಡಿ ಬರಬೇಕಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಈ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕೆವು. ಈ ಸಂತೋಷಕ್ಕೇ ಕಾಗದ ಮುಗಿಸಿಬಿಡೋಣ ಅನ್ನಿಸುತ್ತದೆ. ಆದರೆ ಮುಂದಿನದನ್ನೂ ಬರೆಯಬೇಕು.

ಈ ಅವಧಿಯಲ್ಲಿ ಟಿಂಕರ್‌ನ ಮಗಳು ಶಾಲೆಗೆ ವಾಪಸ್ ಬಂದಿದ್ದಾಳೆ. ಹೌದು, ಅವನ ಮಗಳೇ. ಗ್ಯಾರೇಜಿನಲ್ಲಿ ನಿನ್ನ ಪಕ್ಕದಲ್ಲೇ ಬಸ್ಸಿನ ತಗಡು ಬಡಿಯುತ್ತಿದ್ದವನು, ನಿನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವನು. ಜಾಕ್ ಎತ್ತಿಕೊಂಡು ಹೋದ ಅಂತ ಒಂದು ಮಾತಿಗೆ ಮಾತು ಬೆಳೆದು, ನೀನು ಸ್ಪ್ಯಾನರ್ ಬೀಸಿ, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅವನು ತೀರಿಕೊಂಡ ಮೇಲೆ ಆ ಮಗುವನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಈಗ ತಾಯಿ ಕರೆಸಿಕೊಂಡಿದ್ದಾಳೆ. ನಮ್ಮ ಮೆಣಸಿನದೇ ತರಗತಿ. ಉದ್ದ ಎರಡು ಜಡೆ, ಮಾತು ಕಡಿಮೆ. ಇಬ್ಬರಿಗೂ ಎಲ್ಲಾ ಗೊತ್ತು. ಒಬ್ಬಳು ಬಂದ ದಾರಿಯಲ್ಲಿ ಇನ್ನೊಬ್ಬಳು ಬರುತ್ತಿರಲಿಲ್ಲ.

ಯೋಗದ ಟೀಚರ್ ಹೊಸಬರು, ಅವರಿಗೆ ಯಾರೂ ಹೇಳಿರಲಿಲ್ಲ. ಹೋದ ತಿಂಗಳು ಒಂದು ದಿನ ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತು, ಒಬ್ಬರ ಉಸಿರನ್ನು ಇನ್ನೊಬ್ಬರು ಬೆನ್ನಿನಲ್ಲೇ ಕೇಳಿಸಿಕೊಳ್ಳಬೇಕು ಅಂದರು. ಜೋಡಿ ಮಾಡಲು ಚೀಟಿ ಎತ್ತಿದರು. ನಾನು ಚಾಪೆ ಇಡುವ ಗೂಡಿಗೆ ಮೊಳೆ ಹೊಡೆಯಲು ಅಲ್ಲೇ ಇದ್ದೆ. ಇವರಿಬ್ಬರ ಹೆಸರೂ ಒಟ್ಟಿಗೆ ಬಂದವು. ನಾನು ಎದ್ದು, "ಬೇಡಿ ಮಿಸ್" ಅನ್ನಬೇಕಿತ್ತು. ಇಷ್ಟು ವರ್ಷ ಬಾಯಿ ಮಾಡಿಕೊಂಡೇ ಬದುಕಿದವನಿಗೆ ಬೇಕಾದ ಹೊತ್ತಿಗೆ ಬಾಯಿ ಬರಲಿಲ್ಲ.

ಇಬ್ಬರೂ ಬೇಡ ಅನ್ನಲಿಲ್ಲ. ಮೆಣಸು ಮೊದಲು ಕೂತಳು. ಆ ಹುಡುಗಿ ನಿಂತೇ ಇದ್ದಳು, ಟೀಚರ್ ಹೆಗಲು ಮುಟ್ಟಿದ ಮೇಲೆ ಕೂತಳು. ನಡುವೆ ಒಂದು ಗೇಣು ಜಾಗ. ಟೀಚರ್ ಸಾಲಿನುದ್ದಕ್ಕೂ ಕುಂಟುತ್ತ ಬಂದು, "ಇನ್ನೂ ಹತ್ರ, ಒಬ್ರಿಗೊಬ್ರು ಒರಗ್ಕೊಳ್ಳಿ" ಅಂದರು. ಒರಗಿದರು. ಮೊದಲು ಇಬ್ಬರ ಬೆನ್ನೂ ಹಲಗೆಯ ಹಾಗಿತ್ತು. ನನ್ನ ಕಡೆ ಮುಖ ಮಾಡಿ ಕೂತಿದ್ದ ನಿನ್ನ ಮಗಳ ಮೊಣಕೈ ಪಕ್ಕೆಗೆ ಒತ್ತಿಕೊಂಡಿತ್ತು. ಆಮೇಲೆ ಇವಳ ಹೆಗಲು ಏರಿದಾಗ ಅವಳ ಹೆಗಲೂ ಏರಿತು, ಇಳಿದಾಗ ಇಳಿಯಿತು. ಎಷ್ಟು ಹೊತ್ತೋ. ಆ ಕಡೆಯ ಜಡೆಗಳು ಅಲುಗತೊಡಗಿದವು. ಸದ್ದಿಲ್ಲದೆ ಅಳುತ್ತಿತ್ತು ಆ ಮಗು. ಗಂಟೆ ಹೊಡೆಯಿತು, ಎಲ್ಲರೂ ಚಾಪೆ ಸುತ್ತಿಕೊಂಡು ಓಡಿದರು. ನಮ್ಮದು ಕೂತೇ ಇತ್ತು. ಆ ಹುಡುಗಿ ಮೂಗು ಒರೆಸಿಕೊಂಡು ಎದ್ದು ಹೋದ ಮೇಲೇ ಇವಳು ಎದ್ದದ್ದು. ಮನೆಗೆ ಬರುವಾಗ ಯಾಕೆ ಅಷ್ಟು ಹೊತ್ತು ಕೂತೆ ಅಂತ ಕೇಳಿದೆ. "ನಾನು ಎದ್ರೆ ಅವಳು ಬಿದ್ದುಬಿಡ್ತಿದ್ಲು ತಾತಾ" ಅಂದಳು. ಸ್ವಲ್ಪ ದೂರ ನಡೆದು, "ಅವಳು ಅಳೋದು ನನ್ನ ಬೆನ್ನಿಗೆ ಗೊತ್ತಾಯ್ತು. ಬೆಚ್ಚಗಿತ್ತು" ಅಂದಳು.

ಮರುದಿನ ಟೀಚರಿಗೆ ನಾನೇ ಎಲ್ಲಾ ಹೇಳಿದೆ. ಆಕೆಯ ಮುಖ ಬಿಳಚಿಕೊಂಡಿತು. ಟಿಂಕರ್‌ನ ಹೆಂಡತಿಯ ಮನೆಗೆ ತಾವೇ ಹೋಗಿ ತಪ್ಪಾಯಿತು ಅಂದು ಬಂದರಂತೆ. ಆ ತಾಯಿ ಶಾಲೆಗೆ ಬಂದಳು. ನಾನು ಅಂಗಳದಲ್ಲಿದ್ದೆ, ತಲೆ ಎತ್ತಲಾಗಲಿಲ್ಲ. ಅವಳೇ ನನ್ನ ಮುಂದೆ ನಿಂತು, "ನಿಮ್ಮ ಮೊಮ್ಮಗಳದ್ದು ಏನೂ ತಪ್ಪಿಲ್ಲ. ಅವತ್ತು ರಾತ್ರಿ ನನ್ನ ಮಗಳು ಎಷ್ಟೋ ತಿಂಗಳ ಮೇಲೆ ಬೆಚ್ಚಿ ಬೀಳದೆ ಮಲಗಿದ್ಲು. ಆದ್ರೂ ಬೇಡ. ನನ್ನ ಕೈಲಿ ಆಗಲ್ಲ" ಅಂದಳು. ಅವಳ ಮಾತಿನಲ್ಲಿ ತಪ್ಪೇನಿದೆ ಹೇಳು. ಈಗ ಒಬ್ಬಳು ಕಿಟಕಿಯ ಕಡೆ ಕೂರುತ್ತಾಳೆ, ಇನ್ನೊಬ್ಬಳು ಬಾಗಿಲ ಕಡೆ. ಜೋಡಿಯ ದಿನ ನಿನ್ನ ಮಗಳು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ಗೋಡೆ ಉಸಿರಾಡಲ್ಲ ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದು ಬಿಟ್ಟರೆ ಬೇರೆ ದೂರಿಲ್ಲ.

ಮಗನೇ, ನಿನಗೆ ಒಂಬತ್ತು ವರ್ಷವಿದ್ದಾಗ ನನ್ನ ಉಳಿಯ ಬಾಯಿ ಮುಕ್ಕು ಮಾಡಿದ್ದಕ್ಕೆ ಅಳತೆ ಪಟ್ಟಿ ಮುರಿಯುವ ತನಕ ಹೊಡೆದಿದ್ದೆ. ಶಾಲೆಯಲ್ಲಿ ಹೊಡೆಸಿಕೊಂಡು ಬಂದ ದಿನ ಊಟ ಹಾಕದೆ, ಹೊಡೆದು ಬಾ ಹೋಗು ಅಂತ ವಾಪಸ್ ಕಳಿಸಿದ್ದೆ. ನೀನು ಹೋಗಿ ಹೊಡೆದು ಬಂದೆ, ನಾನು ಬೆನ್ನು ತಟ್ಟಿದೆ. ನ್ಯಾಯಾಧೀಶರು ತೀರ್ಪು ಓದಿದಾಗ ನಿನ್ನ ಹೆಸರೊಂದನ್ನೇ ಹೇಳಿದರು. ಮಾಡಿದ್ದು ನೀನು, ಅದನ್ನು ನಾನು ಅಳಿಸಲಾರೆ. ಆದರೆ ಆ ಕೈಯನ್ನು ಪಳಗಿಸಿದವನು ಯಾರೆಂದು ಆ ಕಟಕಟೆಯ ಹಿಂದೆ ಕೂತಿದ್ದ ಈ ಅಪ್ಪನಿಗೆ ಗೊತ್ತಿತ್ತು.

ಹಲ್ಲು ತೋರಿಸಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಿ ಯಾರ ಜೊತೆಗೂ ಮಾತಿಗೆ ಮಾತು ಬೆಳೆಸಬೇಡ. ನಿನ್ನ ಹೆಂಡತಿ ಎರಡು ಕರವಸ್ತ್ರ ಮಡಚಿ ಇಟ್ಟಿದ್ದಾಳೆ, ಬರುವಾಗ ತರುತ್ತೇನೆ. ಎಲ್ಲಿದ್ದರೂ ನೆಟ್ಟಗಿರು, ನನ್ನ ಆಯಸ್ಸು ಉಳಿದಿದ್ದರೆ ನಿನಗೆ ಸೇರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಮಗಳನ್ನು ಕರೆದುಕೊಂಡು ಬಾ ಅಂತ ನೀನು ಕೇಳಿದ್ದಕ್ಕೆ ಇನ್ನೂ ಉತ್ತರ ಬರೆದಿಲ್ಲ, ಅಂಚೆಯವನು ಬರುವ ಹೊತ್ತಾಯಿತು. ಮೆಣಸು ಶನಿವಾರ ನಿನ್ನನ್ನು ನೋಡಲು ಬರುವುದಿಲ್ಲ. ನಾನು ತಡೆದದ್ದಲ್ಲ, ಅವಳೇ ಒಲ್ಲೆ ಅಂದಳು. ಭಾನುವಾರ ಜಡೆ ಹಾಕಿಸಿಕೊಳ್ಳುತ್ತ, "ತಾತಾ, ಅವತ್ತು ಅಪ್ಪ ಐದು ಎಣಿಸಿದ್ರೆ ಸಾಕಾಗ್ತಿತ್ತಾ?" ಅಂತ ಕೇಳಿದಳು. ಸಾಕಾಗುತ್ತಿತ್ತು ಅಂದೆ. "ಮತ್ತೆ ಯಾಕೆ ಎಣಿಸ್ಲಿಲ್ಲ?" ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಂದೆ. "ಯಾರು ಹೇಳ್ಕೊಡ್ಬೇಕಿತ್ತು?" ನಾನೇ ಹೇಳಿಕೊಡಬೇಕಿತ್ತು ಅಂದೆ. ಅರ್ಧ ಹೆಣೆದ ಜಡೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಎದ್ದು ಹೋದಳು. ನಾಲ್ಕು ದಿನವಾಯಿತು, ಶಾಲೆಗೆ ಹೋಗುವಾಗ ನನ್ನ ಕೈ ಹಿಡಿಯುತ್ತಿಲ್ಲ. ಒಂದು ಹೆಜ್ಜೆ ಮುಂದೆ ನಡೆಯುತ್ತಾಳೆ. ಶನಿವಾರ ನಾನೊಬ್ಬನೇ ಬರುತ್ತೇನೆ.