ಮಿರಿನೆಯ ಹರಿದ ಕೋಟು

ಯೊಮ್‌ಚಾಂಗ್, ಸಿಯೋಲ್
ನವೆಂಬರ್ ೧೯, ಮಂಗಳವಾರ

ಪ್ರೀತಿಯ ಮುಯೊಲಾ,

ಹೇಗಿದ್ದೀ ಕಂದಾ? ಯಾಂಗುವಿನ ಬೆಟ್ಟಗಳಲ್ಲಿ ಆಗಲೇ ಹಿಮ ಬಿತ್ತೆಂದು ಟಿವಿಯಲ್ಲಿ ಹೇಳಿದರು. ಕಾವಲಿಗೆ ನಿಲ್ಲುವಾಗ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುತ್ತೀಯಲ್ಲವೆ? ನಿನ್ನ ಎಡಗಾಲಿನ ಕಿರುಬೆರಳಿಗೆ ಚಳಿ ಆಗದು, ಎಳವೆಯಿಂದಲೂ ಹಾಗೆಯೇ. ಅದು ಕೆಂಪಾಗಿ ನವೆ ಶುರುವಾದರೆ ಕೆರೆಯಬೇಡ, ಬೆಚ್ಚಗಿನ ನೀರಿನಲ್ಲಿ ಅದ್ದಿಟ್ಟುಕೋ. ನನ್ನ ಸೊಂಟ ಈಗ ಪರವಾಗಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ತಾನು ಅಲ್ಲಿದ್ದೇನೆಂದು ನೆನಪಿಸುತ್ತದೆ. ಉಲ್ಸಾನ್‌ನಿಂದ ನಿನ್ನ ಅಪ್ಪ ಅಮ್ಮ ಫೋನ್ ಮಾಡಿದ್ದರು, ಇಬ್ಬರೂ ಚೆನ್ನಾಗಿದ್ದಾರೆ. ಈ ವರ್ಷ ಕಿಮ್ಚಿಗೆ ಹನ್ನೆರಡು ಎಲೆಕೋಸು ಸಾಕೆಂದುಕೊಂಡಿದ್ದೆ, ಕೆಳಗಿನ ಮನೆಯ ತೊಕ್‌ಸುನ್ ಬಿಡಲಿಲ್ಲ. "ಮೊಮ್ಮಗ ರಜೆಗೆ ಬಂದರೆ ಏನು ಹಾಕ್ತೀರಿ, ಉಪ್ಪು ನೀರಾ?" ಎಂದು ಇಪ್ಪತ್ತು ಮಾಡಿಸಿದಳು. ಫೋನಿನಲ್ಲಿ ನೀನು ಊಟ ಆಯ್ತು, ಚೆನ್ನಾಗಿದೀನಿ, ಇಡ್ತೀನಿ ಎಂಬ ಮೂರು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನಾದರೆ ನೀನು ನಡುವೆ ಇಟ್ಟುಬಿಡಲಾರೆ.

ಮೊನ್ನೆ ಭಾನುವಾರ ನಾನು ಟಿವಿಯವರ ಆ ಸಭಾಂಗಣದ ಒಳಗೆ ಹೋಗಿದ್ದೆ. ಇಪ್ಪತ್ತಾರು ವರ್ಷದಿಂದ ಅದರ ಎದುರು ಬೀದಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದೇನೆ. ಭಾನುವಾರದ ಹಾಡಿನ ಕಾರ್ಯಕ್ರಮಕ್ಕೆ ಬರುವ ಗುಂಪುಗಳ ಪ್ಯಾಂಟು, ಜಿಪ್ಪು, ಹುಕ್ಕು ಎಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ. ನೀನು ಯಂತ್ರದ ಅಡಿಯಲ್ಲಿ ಕೂತು ಉದುರಿದ ಚಮಕಿಗಳನ್ನು ಆರಿಸಿ ಹಣೆಗೆ ಅಂಟಿಸಿಕೊಳ್ಳುತ್ತಿದ್ದೆ. ಆದರೂ ಆ ಬಾಗಿಲು ದಾಟಿ ನಾನು ಒಳಗೆ ಹೋಗಿರಲಿಲ್ಲ, ಹೋಗಬೇಕೆಂದು ಅನಿಸಿರಲೂ ಇಲ್ಲ. ಭಾನುವಾರ ಏಳು ಗಂಟೆಗೆ ಷಟರ್ ಎತ್ತುತ್ತಿದ್ದೆ. ಬೀದಿಯಲ್ಲಿ ಆಗಲೇ ಅಭಿಮಾನಿಗಳ ಸಾಲು, ಎಲ್ಲರ ಮಣಿಕಟ್ಟಿನಲ್ಲೂ ನಂಬರಿನ ಕಾಗದದ ಪಟ್ಟಿ. ಉಡುಪಿನ ಉಸ್ತುವಾರಿಯ ಚಾನ್‌ಮಿ ಎಂಬ ಹುಡುಗಿ ರಸ್ತೆ ದಾಟಿ ಓಡಿಬಂದಳು. "ಅಜ್ಜೀ, ಸೂಜಿ ದಾರ ತಗೊಂಡು ನೀವೇ ಬನ್ನಿ. ಕೋಟು ಇಲ್ಲಿಗೆ ತರೋಕಾಗಲ್ಲ, ಹುಡುಗ ಅದರೊಳಗೇ ಇದಾನೆ" ಎಂದಳು. ಯಾರ ಗುಂಪು ಎಂದು ಕೇಳಿದೆ. ಮಿರಿನೆ ಎಂದಳು. ನೀನು ಆರನೆಯವನಾಗಿ ಸೇರಬೇಕಿದ್ದ ಮಿರಿನೆ. ಅವರ ಹಾಡು ಬಂದಾಗಲೆಲ್ಲ ಟಿವಿಯ ಸದ್ದು ತಗ್ಗಿಸುತ್ತಿದ್ದವಳು ನಾನು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದೆ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಕನ್ನಡಕ ಮೂಗಿನ ಮೇಲೆಯೇ ಇತ್ತು, ಹೋದೆ.

ನನ್ನ ಕೊರಳಿಗೊಂದು ಚೀಟಿ ತೂಗುಹಾಕಿ ಒಳಗೆ ಕರೆದೊಯ್ದರು. ಸರದಿಗೆ ಕಾಯುವ ಕೋಣೆ ನಮ್ಮ ಅಂಗಡಿಯ ಎರಡರಷ್ಟಿದೆ, ಅದರಲ್ಲಿ ಹದಿನೈದು ಜನ. ಒಬ್ಬ ನಿಂತೇ ಗಿಂಬಾಪ್ ತಿನ್ನುತ್ತಿದ್ದ, ಒಬ್ಬ ಕೂದಲಿಗೆ ಕ್ಲಿಪ್ಪು ಸಿಕ್ಕಿಸಿಕೊಂಡೇ ನಿದ್ದೆ ಹೋಗಿದ್ದ. ಎಲ್ಲರ ಎದೆಯ ಮೇಲೂ ಹೆಸರು ಬರೆದ ದೊಡ್ಡ ಸ್ಟಿಕ್ಕರು. ಕ್ಯಾಮೆರಾ ಕೋಣೆಯವರು ತಾಲೀಮಿನಲ್ಲಿ ಯಾರು ಯಾರೆಂದು ಗುರುತು ಹಿಡಿಯಲು ಅದನ್ನು ಅಂಟಿಸುತ್ತಾರಂತೆ, ಶಾಲೆಯ ಮೊದಲ ದಿನದ ಮಕ್ಕಳ ಹಾಗೆ. ಬೆನ್ನು ತಿರುಗಿಸಿ ನಿಂತಿದ್ದವನ ಕೋಟು ಕಾಲರಿನಿಂದ ಸೊಂಟದವರೆಗೆ ಬಾಯ್ಬಿಟ್ಟಿತ್ತು. ತಾಲೀಮಿನಲ್ಲಿ ಮಂಡಿಯೂರಿದಾಗ ಹರಿಯಿತಂತೆ. ಒಳಗೆ ಮೈಕಿನ ಡಬ್ಬಿ, ಅದರಿಂದ ಕಿವಿಗೆ ಹೋಗುವ ತಂತಿ. ಬಿಚ್ಚಿದರೆ ಎಲ್ಲವನ್ನೂ ಮತ್ತೆ ಕಟ್ಟಬೇಕು. ಇದ್ದದ್ದು ಇಪ್ಪತ್ತು ನಿಮಿಷ. ಒಂದು ಗುಂಪು ತಡಮಾಡಿದರೆ ಮುಂದಿನ ಗುಂಪಿನ ಮಕ್ಕಳು ಹೊರಗೆ ಚಳಿಯಲ್ಲಿ ನಿಂತಿರಬೇಕಲ್ಲ. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ನಿಂತಲ್ಲೇ ಹೊಲಿಯತೊಡಗಿದೆ. ಅವನು ಉಸಿರು ಎಳೆದಾಗಲೆಲ್ಲ ಹೊಲಿಗೆ ಬಿಗಿಯುತ್ತಿತ್ತು. "ಸ್ವಲ್ಪ ಕಮ್ಮಿ ಉಸಿರಾಡು ಕಂದಾ" ಎಂದೆ, ಕೋಣೆಯಲ್ಲಿದ್ದವರು ನಕ್ಕರು. ಕೊನೆಗೆ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದೆ. ಅವನು ತಟ್ಟನೆ ತಿರುಗಿದ. "ನೀವು ಮುಯೊಲ್ ಅಜ್ಜಿ ಅಲ್ವಾ? ನಮ್ಮಜ್ಜಿ ಕತ್ರಿ ಪಕ್ಕದಲ್ಲಿಟ್ಕೊಂಡು ದಾರ ಹಲ್ಲಲ್ಲೇ ಕಚ್ತಾರೆ ಅಂತ ಅವನು ಹೇಳ್ತಿದ್ದ." ಅವನು ಇನ್‌ಸೊ, ಕಂಪನಿಯ ತರಬೇತಿಯಲ್ಲಿ ನಿನ್ನ ಜೊತೆ ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದ ನಿನ್ನ ಇನ್‌ಸೊ. ನೀನು ತೋರಿಸಿದ ಫೋಟೋದಲ್ಲಿ ಗುಂಡುಮುಖದ ಹುಡುಗನಿದ್ದ, ಈಗ ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ನೀನು ಹೇಗಿದ್ದೀಯೆಂದು ಕೇಳಿದ. ಸೈನ್ಯದಲ್ಲಿದ್ದಾನೆ, ಚೆನ್ನಾಗಿದ್ದಾನೆ ಎಂದೆ. ಇನ್ನೂ ಒಂದು ಮಾತು ಕೇಳಿದ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದು "ಮಿರಿನೆ, ಮೇಲೆ ಬನ್ನಿ" ಎಂದು ಕೂಗಿದರು. ನಾನು ಸೂಜಿ ದಾರ ಎತ್ತಿಕೊಂಡೆ.

ಹೊಲಿಗೆ ಬಿಟ್ಟುಕೊಂಡರೆ ಕೈಗೆ ಸಿಗಲೆಂದು ಚಾನ್‌ಮಿ ನನ್ನನ್ನು ವೇದಿಕೆಯ ಪಕ್ಕದ ಕತ್ತಲಲ್ಲಿ ನಿಲ್ಲಿಸಿದಳು. ಮುಯೊಲಾ, ಅದನ್ನು ಹೇಗೆ ಹೇಳಲಿ. ಹೊರಗೆ ಬೆಳಗಿನ ಎಂಟು ಗಂಟೆ, ಒಳಗೆ ಹೊತ್ತೇ ಇಲ್ಲ. ನೆಲದ ಮೇಲೆ ಬಿಳಿ ಹೊಗೆ ಹರಿಯುತ್ತಿತ್ತು. ಹಾನ್ ನದಿಯ ಮೇಲೆ ಚಳಿಗಾಲದಲ್ಲಿ ಏಳುವ ಮಂಜಿನಂತೆ ಅದು ನನ್ನ ಪಾದ ಮುಳುಗಿಸಿ ಮುಂದೆ ಹೋಯಿತು. ಕೆಳಗೆ ಇನ್ನೂರು ಮಕ್ಕಳು, ಎಲ್ಲರ ಕೈಯಲ್ಲೂ ತಿಳಿನೀಲಿ ದೀಪ. ಹಾಡು ಶುರುವಾಗುವ ಮೊದಲು ಆ ದೀಪಗಳು ಅಲ್ಲಾಡದೆ ನಿಂತವು. ಮಿರಿನೆ ಎಂದರೆ ಆಕಾಶಗಂಗೆ ಎಂದು ನೀನೇ ಹೇಳಿಕೊಟ್ಟಿದ್ದು. ಆ ಹೆಸರು ಯಾಕೆ ಇಟ್ಟರೆಂದು ನನಗೆ ಆಗ ತಿಳಿಯಿತು. ನಂತರ ಒಬ್ಬ ದಡೂತಿ ಮನುಷ್ಯ ಮುಂದೆ ಬಂದು "ಏನ್ರಮ್ಮ, ಬೆಳಿಗ್ಗೆ ತಿಂಡಿ ತಿಂದಿಲ್ವಾ? ಈ ದನೀಲಿ ಕೂಗಿದ್ರೆ ಮೈಕಿಗೇ ಕೇಳಲ್ಲ" ಎಂದು ಹುರಿದುಂಬಿಸಿದ. ಒಂದೇ ಹಾಡನ್ನು ಮೂರು ಸಲ ಮಾಡಿಸಿದರು. ಮೊದಲ ಸಲ ದೂರದಿಂದ, ಎರಡನೆಯ ಸಲ ಹೆಗಲ ಮೇಲೆ ಕ್ಯಾಮೆರಾ ಹೊತ್ತ ಒಬ್ಬ ಹಿಂದೆಹಿಂದಕ್ಕೆ ಓಡುತ್ತ, ಮೂರನೆಯ ಸಲ ಮುಖದ ಹತ್ತಿರದಿಂದ. ನಡುನಡುವೆ ಐವರೂ ಓಡಿಬಂದು ಒಂದು ಚಿಕ್ಕ ಪರದೆಗೆ ತಲೆ ತೂರಿಸಿ ತಮ್ಮನ್ನು ತಾವೇ ನೋಡಿಕೊಂಡು "ಇಲ್ಲಿ ನನ್ನ ಕೈ ತಡವಾಯ್ತು" ಎಂದು ಗೊಣಗಿ ಮತ್ತೆ ಓಡುತ್ತಿದ್ದರು. ಬೆವರಿನಲ್ಲೂ ಯಾರ ಮುಖವೂ ಬಾಡಲಿಲ್ಲ. ಹಾಡಿನ ಕೊನೆಯಲ್ಲಿ ಕ್ಯಾಮೆರಾ ಒಬ್ಬನ ಮುಖದ ಮೇಲೆ ನಿಂತುಬಿಡುತ್ತದಲ್ಲ, ಅದು ಇನ್‌ಸೊನ ಪಾಲು. ಅವನು ಏನೂ ಮಾಡದೆ ಏದುಸಿರು ಬಿಡುತ್ತ ಅದನ್ನೇ ನೋಡುತ್ತ ನಿಂತ. ನನ್ನ ಹೊಲಿಗೆ ಮೂರು ಸಲವೂ ತಡೆಯಿತು.

ಕೆಳಗೆ ದೀಪ ಹಿಡಿದ ಆ ಮಕ್ಕಳು ಹಾಡಿನ ಸಾಲುಗಳ ಸಂದಿನಲ್ಲಿ ಐವರ ಹೆಸರನ್ನೂ ಒಂದೇ ದನಿಯಲ್ಲಿ ಕರೆಯುತ್ತಾರೆ. ಮೂರನೆಯ ಸಲದ ಹೊತ್ತಿಗೆ ನನಗೂ ಬಾಯಿಪಾಠವಾಗಿ ತುಟಿ ಅಲ್ಲಾಡತೊಡಗಿತು. ಐದು ಹೆಸರು ಮುಗಿದ ಮೇಲೂ ನನ್ನ ಬಾಯಿ ನಿಲ್ಲದೆ ಇನ್ನೊಂದು ಹೆಸರು ಹೇಳಿತು. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಚಾನ್‌ಮಿ "ಅಜ್ಜಿ, ಹೊಗೆಗೆ ಕಣ್ಣುರಿ ಬಂತಾ?" ಎಂದಳು. ಹೌದು, ಹೊಗೆ ಎಂದೆ.

ಮಧ್ಯಾಹ್ನದ ನೇರ ಪ್ರಸಾರವನ್ನು ಅಂಗಡಿಯ ಪುಟ್ಟ ಟಿವಿಯಲ್ಲಿ ನೋಡಿದೆ, ಸದ್ದು ತಗ್ಗಿಸದೆ. ನಿರೂಪಕರು ಆ ಕ್ಷಣದಲ್ಲಿ ನಿಂತು ಮಾತಾಡುತ್ತಾರೆ, ಅದರ ಹಿಂದೆಯೇ ಬೆಳಿಗ್ಗೆ ತೆಗೆದ ಹಾಡು ಬರುತ್ತದೆ. ಮೂರು ಸಲದ ತುಂಡುಗಳನ್ನು ಸೇರಿಸಿ ಒಂದು ಮಾಡಿ, ಅದನ್ನು ತಂದು ಮಧ್ಯಾಹ್ನಕ್ಕೆ ಜೋಡಿಸಿದ್ದಾರೆ. ಎಲ್ಲಿ ಜೋಡಿಸಿದರೆಂದು ಕನ್ನಡಕ ಒರೆಸಿಕೊಂಡು ಹುಡುಕಿದರೂ ಸಿಗಲಿಲ್ಲ. ಇಷ್ಟು ವರ್ಷ ಬಟ್ಟೆ ಹೊಲಿದವಳು ನಾನು, ಅಂಥ ನಯದ ಕೈಗೆ ತಲೆಬಾಗುತ್ತೇನೆ. ಕೊನೆಗೆ ಎಲ್ಲ ಗುಂಪುಗಳೂ ವೇದಿಕೆಗೆ ಬಂದವು. ಈ ವಾರದ ಮೊದಲ ಸ್ಥಾನಕ್ಕೆ ಮೂರು ಗುಂಪುಗಳ ಪೈಪೋಟಿ, ಅವುಗಳಲ್ಲಿ ಮಿರಿನೆ ಒಂದು. ಎರಡು ವರ್ಷದಲ್ಲಿ ಅಲ್ಲಿಯವರೆಗೆ ಬಂದದ್ದು ಅವರಿಗೆ ಇದೇ ಮೊದಲು. ಎಷ್ಟು ಜನ ಹಾಡು ಕೇಳಿದರು, ಎಷ್ಟು ಆಲ್ಬಮ್ ಮಾರಾಟವಾಯಿತು, ನೋಡುವವರು ಆಗಲೇ ಕಳಿಸಿದ ಮತ ಎಷ್ಟು, ಎಲ್ಲ ಕೂಡಿ ಪರದೆಯಲ್ಲಿ ಅಂಕಿಗಳು ಓಡುತ್ತವೆ. ನಾನೂ ತೊಕ್‌ಸುನ್‌ಳ ಮಗಳ ಫೋನಿನಿಂದ ಒಂದು ಮತ ಒತ್ತಿಸಿದ್ದೆ. ಅಂಕಿಗಳು ನಿಂತವು. ಮಿರಿನೆ ಎರಡನೆಯದಾಯಿತು. ಬಣ್ಣದ ಕಾಗದದ ಚೂರುಗಳು ಬೇರೆಯವರ ತಲೆಯ ಮೇಲೆ ಸುರಿದವು. ಗೆದ್ದವರು ಅಳುತ್ತ ಮತ್ತೆ ಹಾಡಲು ನಿಂತರು, ಉಳಿದವರು ಕೈ ಬೀಸುತ್ತ ಒಬ್ಬೊಬ್ಬರಾಗಿ ಇಳಿದುಹೋದರು. ಇನ್‌ಸೊ ಗೆದ್ದವರಿಗೆ ನಡುಬಗ್ಗಿಸಿ ನಮಸ್ಕರಿಸಿ ಕೊನೆಯವನಾಗಿ ಹೋದ.

ಐದು ಗಂಟೆಗೆ ಅಂಗಡಿಯ ಬಾಗಿಲ ಗಂಟೆ ಸದ್ದು ಮಾಡಿತು. ಟೋಪಿ, ಮುಖಗವಸು ಹಾಕಿಕೊಂಡ ಇನ್‌ಸೊ ನಿಂತಿದ್ದ. ಹೊರಗೆ ವ್ಯಾನಿನಲ್ಲಿ ಮ್ಯಾನೇಜರ್ ಹತ್ತು ನಿಮಿಷ ಎಂದು ಬೆರಳು ತೋರಿಸುತ್ತಿದ್ದ. ಬೆಚ್ಚಗಿನ ನೆಲದ ಮೇಲೆ ಕೂರಿಸಿ ಸುಟ್ಟ ಗೆಣಸು ಕೊಟ್ಟೆ, ಸಿಪ್ಪೆ ಕೂಡ ಬಿಡದೆ ಎರಡು ತಿಂದ. ಸೋತಿದ್ದಕ್ಕೆ ಬೇಜಾರಾಯಿತೇ ಎಂದೆ. "ಮೂರರಲ್ಲಿ ಒಬ್ರಾಗಿ ನಿಂತಾಗ ಕಾಲು ನಡುಗ್ತಿತ್ತು ಅಜ್ಜಿ. ಸೋತ ಮೇಲೆ ನಡುಕ ನಿಲ್ತು. ಮುಂದಿನ ವಾರ ಇನ್ನೊಂದಿದೆಯಲ್ಲ" ಎಂದ. ಐವರೂ ಸಹಿ ಮಾಡಿದ ಆಲ್ಬಮ್ ನಿನಗೆಂದು ಕೊಟ್ಟ. ಹೊಸ ಗುಂಪಿನವರು ಹಿರಿಯ ಕಲಾವಿದರ ಕೋಣೆಗೆ ಹೋಗಿ ತಲೆಬಾಗಿ ಆಲ್ಬಮ್ ಕೊಡುವಾಗ ಬರೆಯುವ ಹಾಗೆಯೇ ಮೊದಲ ಪುಟದಲ್ಲಿ ನಿನ್ನ ಹೆಸರು ಬರೆದಿದ್ದಾರೆ. ಏನು ಬರೆದಿದ್ದಾರೆಂದು ನಾನು ಓದಲಿಲ್ಲ. ಉಣ್ಣೆಯ ಕಾಲುಚೀಲ, ಒಣಗಿಸಿದ ಪರ್ಸಿಮನ್ ಹಣ್ಣುಗಳ ಜೊತೆ ಅದನ್ನೂ ಈ ಪಾರ್ಸೆಲ್ಲಿನಲ್ಲಿ ಇಟ್ಟಿದ್ದೇನೆ. ಹಣ್ಣನ್ನು ಒಬ್ಬನೇ ತಿನ್ನಬೇಡ, ಪಕ್ಕದ ಹಾಸಿಗೆಯವರಿಗೂ ಕೊಡು.

ಬೆಟ್ಟದ ಗಾಳಿ ನಿನ್ನ ಬೆನ್ನಿಗೆ ತಾಗದಿರಲಿ, ಬಂದೂಕು ಹೆಗಲ ಮೇಲೆ ಹಗುರವಾಗಿರಲಿ, ನಿನ್ನ ನಿದ್ದೆ ತುಂಬಿರಲಿ. ದಿನಾ ನಿನ್ನ ಹೆಸರು ಹೇಳಿಕೊಂಡೇ ದೀಪ ಆರಿಸುತ್ತೇನೆ.

ನಿನ್ನ ಅಜ್ಜಿ,
ಒಕ್‌ಬುನ್

ಮರೆತ ಮಾತು: ಅಂಚೆ ಕಚೇರಿ ಮುಚ್ಚಲು ಅರ್ಧ ಗಂಟೆ ಇದೆ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇನ್‌ಸೊ ಬೆಳಿಗ್ಗೆ ಕೇಳಿದ ಮಾತು ಇದು: "ಮುಯೊಲ್‌ಗೆ ಇನ್ನೂ ನಮ್ಮ ಮೇಲೆ ಕೋಪಾನಾ ಅಜ್ಜಿ?" ನೀನು ಅವರು ನಿನ್ನನ್ನು ಕೈಬಿಟ್ಟರು ಎಂದುಕೊಂಡಿದ್ದೀ. ಅವರು ಬಿಡಲಿಲ್ಲ. ನನ್ನ ಸೊಂಟದ ಆಪರೇಷನ್ನಿಗೆ ನೀನು ಮನೆಗೆ ಬಂದಿದ್ದಾಗ ಕಂಪನಿಯವರು ಅಂಗಡಿಯ ಫೋನಿಗೆ ಎರಡು ಸಲ ಮಾಡಿದ್ದರು. ತರಬೇತಿ ಮುಗಿಯುವವರೆಗೆ ನಿನ್ನ ಫೋನನ್ನು ಅವರೇ ತೆಗೆದಿಟ್ಟುಕೊಂಡಿದ್ದರಿಂದ ನೀನು ಇಲ್ಲಿಯ ನಂಬರ್ ಕೊಟ್ಟಿದ್ದೆ. ಹತ್ತು ದಿನದೊಳಗೆ ಬರಲಿ, ಆರು ಜನರ ಪಟ್ಟಿಯಲ್ಲಿ ಹೆಸರಿದೆ ಎಂದರು. ನೀನು ಒಳಗೆ ಮಲಗಿದ್ದೆ. ಅಂಗಿಯೊಳಗೆ ಪಕ್ಕೆಲುಬು ಎಣಿಸುವಷ್ಟು ಸೊರಗಿದ್ದೆ. ಅವನು ಬರಲ್ಲ, ಇನ್ನು ಕರೆಯಬೇಡಿ ಅಂದಿದ್ದಾನೆ ಎಂದು ನಾನೇ ಹೇಳಿದೆ, ಎರಡು ಸಲವೂ. ನಿನ್ನ ಮೈಗಾಗಿ ಹೇಳಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನೀನು ಮನೆಯಲ್ಲಿ ಓಡಾಡುವ ಸದ್ದು ನನಗೆ ಬೇಕಾಗಿತ್ತು. ನೀನು ಫೋನಿನ ಪಕ್ಕ ಕಾದು ಕೂತಿದ್ದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಭಾನುವಾರ ಇನ್‌ಸೊನಿಗೆ ಎಲ್ಲ ಹೇಳಿಬಿಟ್ಟೆ. ಅವನು ಗೆಣಸನ್ನು ಕೆಳಗಿಟ್ಟ, ಹೊರಗೆ ಮ್ಯಾನೇಜರ್ ಹಾರ್ನ್ ಮಾಡಿದರೂ ಏಳಲಿಲ್ಲ. ಕೊನೆಗೆ "ಇದನ್ನ ಅವನಿಗೆ ನೀವೇ ಹೇಳ್ಬೇಕು ಅಜ್ಜಿ. ನಾನು ಹೇಳಿದ್ರೆ ಚಾಡಿ ಆಗತ್ತೆ" ಎಂದ. ಅವನ ಫೋನ್ ನಂಬರ್ ಆಲ್ಬಮ್ಮಿನ ಹಿಂದೆ ಇದೆ. ರಜೆ ಸಿಕ್ಕಾಗ ಮೊದಲು ಅವನ ಹತ್ತಿರ ಹೋದರೂ, ನನ್ನ ಹತ್ತಿರ ಬರದೇ ಹೋದರೂ, ಅದು ನಿನ್ನ ನಿರ್ಧಾರ. ನಾನು ಇಲ್ಲೇ ಯಂತ್ರದ ಮುಂದೆ ಇರುತ್ತೇನೆ. ಇನ್ನು ಈ ಫೋನಿಗೆ ಯಾರಿಗಾಗಿ ಕರೆ ಬಂದರೂ ಅವರ ಕೈಗೇ ಕೊಡುತ್ತೇನೆ.