ಗೋಡೆಯ ಒಳಬದಿ

ಹೊಳೆಬಾಗಿಲು
ಅಕ್ಟೋಬರ್ ೧೯೬೭

ಪೂಜ್ಯ ಫಾದರ್ ಅವರಿಗೆ ಸೆವೆರಿನ್ ಬಾಯಿಯ ನಮಸ್ಕಾರ.

ನಿನ್ನೆ ಕಾರ್ಮೀನ್ ಬಾಯಿಯ ಮಗ ಪಾಸ್ಕಲನ ಹೆಣ ಹಿನ್ನೀರಿನಲ್ಲಿ ಸಿಕ್ಕಿತು. ಅವನು ಜಾರಿ ಬಿದ್ದನೋ ತಾನಾಗಿ ಹಾರಿದನೋ ಬರೆದು ತಿಳಿಸಬೇಕೆಂದು ಹೇಳಿಕಳಿಸಿದ್ದೀರಿ. ಅವನು ನೀರಿಗೆ ಹೋದಾಗ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವಳು ನಾನೊಬ್ಬಳೇ.

ಹೋದ ವರ್ಷ ನನ್ನ ಮಗಳು ರೆಜಿನಾ ಇದೇ ನೀರಿನಲ್ಲಿ ಹೋದಾಗ ಯಾರೂ ನೋಡಿರಲಿಲ್ಲ. ಆದರೂ ಕಾರ್ಮೀನ್ ಬಾಯಿ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು, "ಅವ್ಳು ಹಾರಿದ್ದೇ, ನಂಗೆ ಗೊತ್ತು" ಎಂದಳು. ನೀವೂ ನಂಬಿದಿರಿ. ತಾವಾಗಿ ಜೀವ ಕಳೆದುಕೊಂಡವರಿಗೆ ಒಳಗೆ ಜಾಗವಿಲ್ಲವೆಂದು ಮಗಳನ್ನು ಸಿಮಿತ್ರಿಯ ಗೋಡೆಯ ಹೊರಗೆ ಹೂಳಿದರು. ಗಂಟೆಯನ್ನೂ ಬಾರಿಸಲಿಲ್ಲ.

ಇವತ್ತು ಬೆಳಿಗ್ಗೆ ಕಾರ್ಮೀನ್ ಬಾಯಿ ನನ್ನ ಮನೆಗೆ ಬಂದಿದ್ದಳು. "ಜಾರಿಬಿದ್ದ ಅಂತ ಬರೀತೀಯಾ, ಸೆವೆರಿನ್?" ಎಂದಳು. ಕಾಫಿ ಕೊಟ್ಟೆ. ಕುಡಿಯಲಿಲ್ಲ.

ಫಾದರ್, ನಾನು ಕಂಡದ್ದು ಅವನ ಬೆನ್ನನ್ನು ಮಾತ್ರ. ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೆಂದು ಬರೆದುಕೊಡಲು ನಾನು ಯಾರು? ಅದು ದೇವರಿಗೆ ಸೇರಿದ್ದು. ಕಾರ್ಮೀನ್ ಬಾಯಿಯ ಮೇಲೆ ಸಿಟ್ಟಿಲ್ಲವೆಂದಲ್ಲ, ಇದೆ. ಆದರೂ ಹುಡುಗನಿಗೆ ಗಂಟೆ ಬಾರಿಸಿ, ಒಳಗೇ ಹೂಳಿ.

ಒಂದು ಕೋರಿಕೆ ಇದೆ. ಅವನ ಗುಂಡಿಯನ್ನು ರೆಜಿನಾ ಇರುವ ಕಡೆಯ ಗೋಡೆಗೆ ತಾಗಿಸಿ ತೋಡಿಸಿ. ಗೋಡೆ ಗಿಡ್ಡ. ಮುಂದಿನ ತಿಂಗಳು ಸತ್ತವರ ಹಬ್ಬಕ್ಕೆ ಅವನ ತಾಯಿ ಹಚ್ಚುವ ಮೇಣದಬತ್ತಿಯ ಬೆಳಕು ಆಚೆಗೂ ಬೀಳಲಿ.

ಇಂತಿ,
ರೆಜಿನಾಳ ತಾಯಿ
ಸೆವೆರಿನ್ ಬಾಯಿ