ಹುಳದ ಮನೆಯ ಸಂದು

ಕನಕಪುರ ಹಾಸ್ಟೆಲ್

ಅವ್ವಾ,

ನನಗೆ ಎಗರೋಕೆ ಬರಲ್ಲ, ಓಟವೂ ನಿಧಾನ ಅಂತ ಬ್ಯಾಸ್ಕೆಟ್‌ಬಾಲ್ ಟೀಮಿಂದ ತೆಗೀತಾರೆ ಅಂದಿದ್ನಲ್ಲ? ನಿನ್ನೆ ಮೇಡಂ ಕಡೇ ಸಲ ನೋಡಾನ ಅಂತ, ಮಾಗಡಿಯ ಉದ್ದನೇ ಹುಡುಗೀನ ತಡೆಯೋಕೆ ನನ್ನ ಬುಟ್ರು. ಅವಳು ಬಾಲ್ ತಟ್ಕೊಂಡು ಬರುವಾಗ ನಂಗೆ ನಮ್ಮ ರೇಷ್ಮೆ ಹುಳದ ಮನೇಲಿ ನಿಂತಂಗಾಯ್ತು. ಹುಳ ಸೊಪ್ಪು ಮೇಯೋ ಸದ್ದು ಸೋನೆ ಮಳೆಯಂಗೆ ಕೇಳಿದಂಗಾಯ್ತು. ಸೊಪ್ಪು ಹಾಕುವಾಗ ಹುಳದ ತಟ್ಟೆ ಸಾಲಿನ ನಡುವಿನ ಆ ಇಕ್ಕಟ್ಟು ಸಂದೀಲಿ ಮಂಡಿ ಬಗ್ಗಿಸಿ, ತಟ್ಟೆಗೆ ತಾಕದಂಗೆ ಅಡ್ಡಡ್ಡ ಸರಿಯೋದು ನೀನೇ ಕಲಿಸಿದ್ದಲ್ವಾ? ಹಂಗೇ ಸರಿದೆ. ಅವಳಿಗೆ ಒಸಿನೂ ತಾಕಲಿಲ್ಲ. ಅವಳು ಎತ್ತ ತಿರುಗಿದ್ರೂ ಮುಂದೆ ನಾನೇ ಇದ್ದೆ. ಮೇಡಂ ನನ್ನ ಹೆಸರು ತೆಗೀಲಿಲ್ಲ.

ಅಪ್ಪ ಆ ಸಂದು ಅಗಲ ಮಾಡಿಸ್ತೀನಿ ಅಂತಿದ್ರಲ್ಲ, ಈಗಲೇ ಬ್ಯಾಡ ಅನ್ನು. ತಂಗಿ ಇನ್ನೂ ಕಲೀಬೇಕು.

ನಿನ್ನ ಗುಂಡು ಮಗಳು,
ಪದ್ಮಶ್ರೀ